ಅಣ್ಣನ ಎರಡು ಕೈ

ನಾನು ಪುಕ್ಕಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಬೆನ್ನು ತಟ್ಟುವುದು ಬೇಡ. ಡ್ರೈ ಫೋರ್ಕ್ ಎಂಬ ಬಿಳಿಯರ ಆ ಚಿನ್ನದ ಗಣಿಯ ಊರಿನಲ್ಲಿ ಚೀನಿಯವನು ಬದುಕಬೇಕಾದರೆ ಹೆದರಲೇಬೇಕಿತ್ತು. ತಲೆ ಬಗ್ಗಿಸಿ ನಡೆಯಬೇಕು. ಕಲ್ಲು ಬಿದ್ದರೆ ಯಾರು ಎಸೆದರೆಂದು ನೋಡಬಾರದು. "ಏಯ್ ಜಾನ್" ಅಂದರೆ ಮಾತ್ರ ತಿರುಗಿ ನೋಡಬೇಕು. ನನ್ನ ಹೆಸರು ಯುಂಗ್ ಹೋಯ್. ಅವರ ಬಾಯಲ್ಲಿ ನಾವೆಲ್ಲರೂ ಜಾನ್‌ಗಳೇ. ಇದ್ದವನೂ ಜಾನ್, ಸತ್ತವನೂ ಜಾನ್.

ನಾನು ಊರಿನ ಬಟ್ಟೆ ಒಗೆಯುತ್ತಿದ್ದೆ. ಗಣಿಯ ಮಣ್ಣು, ಕುಡುಕರ ವಾಂತಿ, ಜಗಳದ ರಕ್ತ, ಎಲ್ಲವೂ ನನ್ನ ತೊಟ್ಟಿಗೇ ಬರುತ್ತಿತ್ತು. ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ ಬೆಂದು ಬೆಂದು ಬೆರಳ ಸಂದಿಯ ಚರ್ಮ ಸೀಳಿತ್ತು. ಚಳಿಗಾಲದಲ್ಲಿ ಊಟದ ಕಡ್ಡಿ ಹಿಡಿಯಲೂ ಆಗದಷ್ಟು ಉರಿ. ಬಟ್ಟೆಯಲ್ಲಿ ಒಂದು ಗುಂಡಿ ಕಿತ್ತುಹೋಗಿದ್ದರೆ ಕೆನ್ನೆಗೆ ಏಟು. ಏಟು ತಿಂದವನೇ ಕೂತು ಗುಂಡಿ ಹೊಲಿದು ಕೊಡಬೇಕು.

ಅಣ್ಣ ಕಾಮ್ ನನಗಿಂತ ಮೊದಲೇ ಆ ಊರಿಗೆ ಬಂದವನು. ಗಣಿಯಲ್ಲಿ ದಪ್ಪ ಕೊಳವೆಯಿಂದ ನೀರನ್ನು ತೋಪಿನ ಗುಂಡಿನ ಹಾಗೆ ಹಾರಿಸಿ ಗುಡ್ಡ ಕೆಡವುತ್ತಿದ್ದರು. ಕೆಡವಿದ ಮಣ್ಣಿನ ಬುಡದಲ್ಲಿ ನಿಲ್ಲುವ ಕೆಲಸಕ್ಕೆ ಬಿಳಿಯರು ಯಾರೂ ಒಪ್ಪುತ್ತಿರಲಿಲ್ಲ. ಅಣ್ಣ ನಿಂತ. ಒಂದು ದಿನ ಗುಡ್ಡ ಅವನ ಮೇಲೆಯೇ ಬಿತ್ತು. ಸುದ್ದಿ ಕೇಳಿ ನಾನು ಓಡಿದೆ. ಮೇಸ್ತ್ರಿ ಬಂದು ನೋಡಿದ. ಊಟ ಮುಗಿಸಿಕೊಂಡು ಬಂದು ತೆಗೆಯಿರಿ ಅಂದ. ನಾನು ಊಟಕ್ಕೆ ಹೋಗಲಿಲ್ಲ. ಕೈಯಲ್ಲೇ ಮಣ್ಣು ಬಗೆದೆ. ಅಣ್ಣ ಸಿಗುವ ಹೊತ್ತಿಗೆ ತಣ್ಣಗಾಗಿದ್ದ.

ನಮ್ಮವರು ಪರದೇಶದಲ್ಲಿ ಸತ್ತರೆ ಹೂಳುವುದು ಸ್ವಲ್ಪ ಕಾಲಕ್ಕೆ ಮಾತ್ರ. ಮಾಂಸವನ್ನು ಮಣ್ಣು ತಿಂದ ಮೇಲೆ ಮೂಳೆ ತೆಗೆಯುತ್ತೇವೆ. ಒಂದೊಂದನ್ನೂ ತೊಳೆದು, ಒಣಗಿಸಿ, ಎಣಿಸಿ, ಬಟ್ಟೆಯಲ್ಲಿ ಕಟ್ಟಿ, ಪೆಟ್ಟಿಗೆಯಲ್ಲಿಟ್ಟು ಹಡಗಿನಲ್ಲಿ ನಮ್ಮ ದೇಶಕ್ಕೆ ಕಳಿಸುತ್ತೇವೆ. ಒಂದು ಚೂರೂ ಬಿಡುವ ಹಾಗಿಲ್ಲ. ಕಾಲಿನದು ಬಿಟ್ಟರೆ ಅವನು ಆ ಲೋಕದಲ್ಲಿ ಕುಂಟ. ಕೈಯದು ಬಿಟ್ಟರೆ ಅನ್ನದ ಬಟ್ಟಲು ಹಿಡಿಯಲಾರ. ಅಣ್ಣನನ್ನು ನಾನೇ ತೆಗೆದೆ. ಊರಿನ ಕೊಳೆ ತೊಳೆಯುವ ತೊಟ್ಟಿಯಲ್ಲಿ ಅಲ್ಲ, ಹೊಸ ಮಡಕೆಯಲ್ಲಿ ಅಕ್ಕಿ ಹೆಂಡ ಹಾಕಿ ತೊಳೆದೆ. ಎರಡು ಕೈಗಳ ಮೂಳೆ ಸಣ್ಣವು, ಬೇಗ ಕಳೆದುಹೋಗುವಂಥವು. ಅವನ್ನು ಒಂದು ಕೆಂಪು ಬಟ್ಟೆಯಲ್ಲಿ ಬೇರೆಯಾಗಿ ಕಟ್ಟಿದೆ. ನಮ್ಮೂರಿನಲ್ಲಿ ಅಮ್ಮ ಅವನಿಗೆ ಜಾಗ ಅಗೆಸಿ ಕಾಯುತ್ತಿದ್ದಳು.

ಬಂದರಿಗೆ ಹೋಗುವ ಹೇಸರಗತ್ತೆ ಗಾಡಿಗಳೆಲ್ಲ ಕ್ರಾಡಕ್ ಎಂಬವನ ಕೈಯಲ್ಲಿದ್ದವು. ದೊಡ್ಡ ಆಳು, ಕೆಂಪು ಮುಖ. ಸೊಂಟದಲ್ಲಿ ಪಿಸ್ತೂಲು, ಬೂಟಿನಲ್ಲಿ ಚಾಕು. ಆ ಚಾಕುವಿನಿಂದ ನಮ್ಮವರಲ್ಲಿ ಮೂವರ ಜಡೆ ಕತ್ತರಿಸಿದ್ದ, ಬರೀ ಮೋಜಿಗೆ. ಜಡೆ ಇಲ್ಲದವನು ನಮ್ಮ ದೇಶಕ್ಕೆ ವಾಪಸ್ಸು ಹೋಗುವ ಹಾಗಿಲ್ಲ, ಅಲ್ಲಿನ ಚಕ್ರವರ್ತಿಯ ಕತ್ತಿ ಕುತ್ತಿಗೆಗೆ ಕಾಯುತ್ತಿರುತ್ತದೆ. ಆ ಮೂವರಲ್ಲಿ ಒಬ್ಬ ನೇಣು ಹಾಕಿಕೊಂಡ. ನಾವು ಕೋರ್ಟಿಗೆ ಹೋದೆವು. ಬಿಳಿಯನ ವಿರುದ್ಧ ಚೀನಿಯವನ ಸಾಕ್ಷಿ ಈ ನಾಡಿನಲ್ಲಿ ನಡೆಯುವುದಿಲ್ಲ ಎಂದು ಬಾಗಿಲಲ್ಲೇ ಓಡಿಸಿದರು. ಕಾನೂನೇ ಹಾಗಿತ್ತು. ಇಡೀ ಊರು ನೋಡಿದ್ದರೂ ನಾವು ಮಾತ್ರ ನೋಡಿಲ್ಲದವರು. ಥೂ.

ಭಾನುವಾರ ಮಧ್ಯಾಹ್ನ ನಾನು ಪೆಟ್ಟಿಗೆ ಹೊತ್ತು ಗಾಡಿಯಂಗಳಕ್ಕೆ ಹೋದೆ. ಕ್ರಾಡಕ್ ಪೆಟ್ಟಿಗೆಯ ಮೇಲೆ ಬೂಟುಗಾಲು ಇಟ್ಟ.

"ಏನೋ ಇದರಲ್ಲಿ?"

"ನಮ್ಮಣ್ಣ, ದೊರೆ."

"ಅಣ್ಣನೋ, ಚಿನ್ನವೋ? ಮೂಳೆ ಅಂತ ಹೇಳಿ ನಮ್ಮ ಬೆಟ್ಟದ ಚಿನ್ನ ಸಾಗಿಸ್ತೀರಂತೆ, ಕಳ್ ನನ್ನ ಮಕ್ಳಾ."

"ಇಲ್ಲ ದೊರೆ, ದೇವರಾಣೆ ಇಲ್ಲ."

"ಯಾವ ದೇವ್ರೋ, ಇಲಿ ತಿನ್ನೋವ್ನೆ?"

ಅವನ ಆಳುಗಳು ಪೆಟ್ಟಿಗೆಯನ್ನು ಎತ್ತಿಕೊಂಡು ಎದುರಿನ ಸಾರಾಯಿ ಅಂಗಡಿಗೆ ಒಯ್ದರು. ನಾನು ಹಿಂದೆಯೇ ಓಡಿದೆ. ನಮ್ಮವರಿಗೆ ಆ ಅಂಗಡಿಯ ಮುಂಬಾಗಿಲಿನಿಂದ ಪ್ರವೇಶವಿಲ್ಲ. ಹೊಸ್ತಿಲಲ್ಲೇ ನಿಂತೆ. ಒಳಗೆ ಮುಚ್ಚಳ ಕಿತ್ತ ಸದ್ದು ಕೇಳಿಸಿತು. ತೊಡೆ ಬೆಚ್ಚಗಾಯಿತು. ಉಚ್ಚೆ ಹೊಯ್ದುಕೊಂಡಿದ್ದೆ. ಅದನ್ನೂ ಹೇಳುತ್ತೇನೆ, ಏಕೆ ಮುಚ್ಚಿಡಲಿ?

ಆಗ ಯಾರೋ ಹಿಂದಿನಿಂದ ನನ್ನ ತೋಳು ಹಿಡಿದರು. ಮಾಕ್ ಸಾಮ್.

ಮಾಕ್ ಸಾಮ್ ನಮ್ಮ ಬೀದಿಯಲ್ಲಿ ಜೂಜಿನ ಮನೆ ನಡೆಸುತ್ತಿದ್ದವನು. ನನಗಿಂತ ಹಿರಿಯ, ಒಣಕಲು ದೇಹ, ಚುರುಕು ಕಣ್ಣು. ಕಂಡರೆ ನನಗೆ ಆಗುತ್ತಿರಲಿಲ್ಲ. ದುಡಿದು ಸತ್ತವರ ಕೂಲಿಯನ್ನು ನುಂಗುವ ಮನುಷ್ಯ ಅಂತ ಬೈದುಕೊಳ್ಳುತ್ತಿದ್ದೆ.

"ಬಾ ಒಳಗೆ," ಅಂದ.

"ಚಿಕ್ಕಪ್ಪ, ಕೊಂದುಹಾಕ್ತಾರೆ."

"ಕೊಂದ್ರೆ ನನ್ನ ಮೂಳೆ ತೊಳೆಯೋಕೆ ನೀನು ಬೇಕಲ್ಲೋ. ನಡಿ, ನನ್ನ ಹಿಂದೆ ನಿಂತ್ಕೋ."

ಅವನಿಗೂ ಹೆದರಿಕೆಯಿತ್ತು. ಆದರೂ ನನ್ನ ತೋಳು ಬಿಡಲಿಲ್ಲ.

ಒಳಗೆ ಅಂಗಡಿ ತುಂಬ ಗಣಿಯವರು. ದುಂಡು ಮೇಜಿನ ಮೇಲೆ ಅಣ್ಣನ ತಲೆಬುರುಡೆ. ಅದರ ಮೇಲೆ ಯಾರೋ ಟೋಪಿ ಇಟ್ಟಿದ್ದರು. ಬಾಯಲ್ಲಿ ಚುರುಟು ಸಿಕ್ಕಿಸಿದ್ದರು. ನಗು. ಕ್ರಾಡಕ್ ಕೆಂಪು ಬಟ್ಟೆಯ ಗಂಟು ಬಿಚ್ಚುತ್ತಿದ್ದ. ಚಿನ್ನ ಸಿಗಲಿಲ್ಲ. ಸಿಗದ ಸಿಟ್ಟಿಗೆ ಕೈಮೂಳೆಗಳನ್ನು ಮೇಜಿನ ಮೇಲೆ ಸುರಿದ. ಆಮೇಲೆ ತಲೆಯೆತ್ತಿ ನಮ್ಮನ್ನು ನೋಡಿದ.

"ಯಾರೋ ಇವರನ್ನ ಒಳಗೆ ಬಿಟ್ಟಿದ್ದು?"

"ನಾವೇ ಬಂದ್ವಿ ದೊರೆ," ಅಂದ ಮಾಕ್ ಸಾಮ್. ಹಲ್ಲು ಕಿರಿದ. "ಪೆಟ್ಟಿಗೆಯಲ್ಲಿ ಚಿನ್ನ ಇಲ್ಲ ಅಂತ ತಾವೇ ನೋಡಿದ್ರಿ. ಈಗ ಅದು ತಮಗೇನು ಪ್ರಯೋಜನ? ಒಂದು ಆಟ ಆಡೋಣ. ನಾನು ಗೆದ್ರೆ ಪೆಟ್ಟಿಗೆ ನಮಗೆ. ಸೋತ್ರೆ..." ಬೆನ್ನ ಮೇಲಿದ್ದ ಜಡೆಯನ್ನು ಎಳೆದು ಎದೆಯ ಮೇಲೆ ಹಾಕಿಕೊಂಡ. "ಇದು ನಿಮಗೆ. ನೀವೇ ಕತ್ತರಿಸಿ."

ಕ್ರಾಡಕ್‌ನ ಕಣ್ಣು ಮಿಂಚಿತು. "ಮೂಳೆಯೆಲ್ಲ ನಾಯಿಗೆ ಹಾಕ್ತೀನಿ, ಅದೂ ಸೇರಿಸ್ಕೋ."

"ಸೇರಿಸಿ ದೊರೆ."

ನಮ್ಮ ಆಟ ಆ ಊರಿಗೆಲ್ಲ ಗೊತ್ತಿತ್ತು. ಒಂದು ರಾಶಿ ಗುಂಡಿ. ಅದರಲ್ಲಿ ಒಂದು ಪಾಲನ್ನು ಬಟ್ಟಲು ಬೋರಲು ಹಾಕಿ ಮುಚ್ಚುತ್ತಾರೆ. ಒಂದು, ಎರಡು, ಮೂರು, ನಾಲ್ಕು, ಯಾವುದರ ಮೇಲಾದರೂ ಪಣ ಇಡಬಹುದು. ಬಟ್ಟಲೆತ್ತಿ ಗುಂಡಿಗಳನ್ನು ನಾಲ್ಕು ನಾಲ್ಕರಂತೆ ಸರಿಸುತ್ತಾ ಹೋಗುತ್ತಾರೆ. ಕೊನೆಗೆ ಉಳಿದದ್ದು ಎಷ್ಟೋ ಆ ಸಂಖ್ಯೆ ಗೆದ್ದಿತು.

ಮಾಕ್ ಸಾಮ್ ಅಂಗಿಯ ಜೇಬಿನಿಂದ ಗುಂಡಿಗಳ ಚೀಲ ತೆಗೆದ. ಕ್ರಾಡಕ್ ಅದನ್ನು ಕಿತ್ತುಕೊಂಡು ಮೂಲೆಗೆ ಎಸೆದ.

"ಗುಂಡಿ ಯಾಕೋ? ಇಲ್ಲಿದೆಯಲ್ಲ." ಬೆರಳಿನಿಂದ ಮೇಜನ್ನು ತೋರಿಸಿದ. "ಇವನ್ನೇ ಇಟ್ಟು ಆಡೋಣ. ಮೇಜಿನ ಯಜಮಾನ ನಾನು. ಮುಚ್ಚೋನೂ ನಾನೇ, ಎಣಿಸೋನೂ ನಾನೇ."

ನನ್ನ ಅಣ್ಣನ ಬೆರಳು. ಚಿಕ್ಕಂದಿನಲ್ಲಿ ನನ್ನನ್ನು ಹೊಳೆ ದಾಟಿಸಿದ ಬೆರಳು. ಅದರಿಂದ ಜೂಜು.

ಮಾಕ್ ಸಾಮ್‌ನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನು ಎಲ್ಲದರ ಮೇಲೂ ಜೂಜಾಡಿದವನು. ಹೆಂಡತಿಯ ಓಲೆ, ಊರಿನ ಹೊಲ, ಒಂದೂ ಬಿಟ್ಟಿರಲಿಲ್ಲ. ಅವತ್ತು ತಲೆ ಬಗ್ಗಿಸಿ ಮೂಳೆಗಳ ಮುಂದೆ ಕೈಮುಗಿದು ನಮ್ಮ ಮಾತಿನಲ್ಲಿ, ಮಂತ್ರ ಹೇಳುವವನ ರಾಗದಲ್ಲಿ ನನಗೆ ಹೇಳಿದ: "ಅಳು ತಮ್ಮಾ, ಜೋರಾಗಿ ಅಳು. ಅಳ್ತಾ ಅಳ್ತಾ ಹೇಳು, ಎರಡು ಕೈದೂ ಸೇರಿ ಎಷ್ಟು ಕಟ್ಟಿದ್ದೆ?"

ಅಳುವುದಕ್ಕೆ ಅವನು ಹೇಳಿಕೊಡಬೇಕಾಗಿರಲಿಲ್ಲ. ನಾನು ನೆಲಕ್ಕೆ ಕುಸಿದೆ. "ಅಯ್ಯೋ ಅಣ್ಣಾ! ಐವತ್ತನಾಲ್ಕು ಅಣ್ಣಾ! ಐವತ್ತನಾಲ್ಕು ಕಟ್ಟಿದ್ದೆನಲ್ಲೋ ಅಣ್ಣಾ!"

ಅಂಗಡಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ನನ್ನ ಹಾಗೆಯೇ ಊಳಿಟ್ಟು ತೋರಿಸಿದ. ಊಳಿಡಲಿ. ಅವರಿಗೆ ನಮ್ಮ ಮಾತು ಬರುತ್ತಿರಲಿಲ್ಲ, ನಮ್ಮ ಅಳುವೂ ಬರುತ್ತಿರಲಿಲ್ಲ.

ಕ್ರಾಡಕ್ ಒಂದು ಬಟ್ಟಲನ್ನು ಮೂಳೆಗಳ ಮೇಲೆ ಕವುಚಿ ಹಾಕಿದ. ಒಂದಷ್ಟು ಒಳಗೆ ಹೋದವು, ಒಂದಷ್ಟು ಹೊರಗೆ ಚೆಲ್ಲಿಕೊಂಡಿದ್ದವು. ಮಾಕ್ ಸಾಮ್‌ನ ಕಣ್ಣು ಹೊರಗಿದ್ದವುಗಳ ಮೇಲೆ ಒಮ್ಮೆ ಹರಿಯಿತು. ಅಷ್ಟೇ. ಜೀವಮಾನವಿಡೀ ಗುಂಡಿ ನೋಡಿದ ಕಣ್ಣು ಅದು. ಐವತ್ತನಾಲ್ಕರಲ್ಲಿ ಹೊರಗಿದ್ದದ್ದು ಕಳೆದರೆ ಒಳಗಿನದು ಎಷ್ಟೆಂದು ಅವನಿಗೆ ಗೊತ್ತಾಗಿಹೋಗಿತ್ತು.

ಆದರೆ ಗೊತ್ತಾದರೆ ಏನು ಬಂತು? ಗೆದ್ದರೂ ಕ್ರಾಡಕ್ ಕೊಡುತ್ತಾನೆಯೇ? ಬೂಟಿನಲ್ಲಿ ಒದ್ದು ಕಳಿಸುತ್ತಾನೆ. ಯಾರ ಹತ್ತಿರ ಹೋಗಿ ಹೇಳುವುದು? ನನಗೆ ಇದೇ ಭಯ. ಮಾಕ್ ಸಾಮ್‌ಗೆ ಮಾತ್ರ ಆ ಯೋಚನೆ ನನಗಿಂತ ಮೊದಲೇ ಬಂದಿತ್ತು.

ಅವನು ಕ್ರಾಡಕ್ ಕಡೆ ನೋಡಲಿಲ್ಲ. ಅಂಗಡಿಯ ಕಡೆ ತಿರುಗಿದ. ಎತ್ತರದ ದನಿಯಲ್ಲಿ ಕೂಗಿದ: "ಕೇಳ್ರಪ್ಪಾ! ನನ್ನ ಜಡೆ 'ಒಂದ'ರ ಮೇಲೆ! ಜಡೆ ಹೋದ್ರೆ ನಾನು ಮನೆಗೆ ಹೋಗೋ ಹಾಗಿಲ್ಲ, ತಲೆ ಹೋಗುತ್ತೆ. ನಾನು ತಲೆ ಇಟ್ಟು ಆಡಿದ್ದು ಯಾವತ್ತಾದ್ರೂ ನೋಡಿದ್ದೀರಾ? ದೊಡ್ಡ ದೊರೆ ಮೇಜಿನ ಯಜಮಾನ. ಒಂದಿಟ್ರೆ ಮೂರು ಕೊಡ್ತಾರೆ. ಯಾರು ಬೇಕಾದ್ರೂ ಪಣ ಇಡಬಹುದು, ಅದು ಆಟದ ನಿಯಮ. ಏನು ದೊರೆ, ಕೊಡೋ ತಾಕತ್ತು ಇದೆ ತಾನೇ?"

ಅಂಗಡಿ ಕ್ರಾಡಕ್‌ನನ್ನು ನೋಡಿತು. ಅವನು ಎಲ್ಲರ ಸಾಮಾನಿಗೂ ಬಾಯಿಗೆ ಬಂದ ಬಾಡಿಗೆ ಕಿತ್ತವನು. ಆಗುವುದಿಲ್ಲ ಅಂದರೆ ಮಾನ ಹೋಗುತ್ತದೆ.

"ಇಡ್ರೋ, ಇಡ್ರೋ! ಎಲ್ಲಾ ಬಾಚ್ಕೋತೀನಿ!" ಅಂದ.

ಮೊದಲು ಪೆನ್‌ರೋಸ್ ಎದ್ದ. ಗಣಿಯ ಸುರಂಗದಲ್ಲಿ ಸುತ್ತಿಗೆ ಹೊಡೆಯುವವನು, ಕಂಬದಂಥ ಆಳು. ಅವನಿಗೆ ನಮ್ಮ ಮೇಲೆ ಪ್ರೀತಿ ಏನಿರಲಿಲ್ಲ, ಒಮ್ಮೆ ನನ್ನ ಬಟ್ಟೆಗಂಟನ್ನು ಕೊಚ್ಚೆಗೆ ಒದ್ದವನು. ಚಿನ್ನದ ಪುಡಿಯ ಚೀಲವನ್ನು ಧಡ್ ಅಂತ ಮೇಜಿನ ಮೇಲಿಟ್ಟ. "ಒಂದರ ಮೇಲೆ. ಈ ಮುದಿ ನರಿ ಸುಮ್ಸುಮ್ನೆ ಜಡೆ ಇಡಲ್ಲ." ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಮೇಜಿನ ಒಂದು ಮಗ್ಗುಲು ಚೀಲಗಳಿಂದ ತುಂಬಿಹೋಯಿತು.

ಆಗ ನನಗೆ ಅರ್ಥವಾಯಿತು. ನಮ್ಮ ಮಾತಿಗೆ ಸಾಕ್ಷಿಯಿರಲಿಲ್ಲ. ಅವನು ಅವರ ದುರಾಸೆಯನ್ನೇ ಸಾಕ್ಷಿಗೆ ಕರೆದಿದ್ದ.

ಕ್ರಾಡಕ್‌ಗೂ ಅರ್ಥವಾಗಿರಬೇಕು. ಹಣೆಯ ಮೇಲೆ ಬೆವರು. ಬಟ್ಟಲೆತ್ತಿದ. ಎತ್ತುವಾಗ ಅವನ ಅಂಗೈ ಮೂಳೆಗಳ ಮೇಲೆ ಒಮ್ಮೆ ಸವರಿಕೊಂಡು ಹೋಯಿತು. ಆಮೇಲೆ ಬಲಗೈಯ ಚಾಕುವಿನ ತುದಿಯಿಂದ ಎಣಿಸತೊಡಗಿದ. ನಾಲ್ಕು. ಇನ್ನೊಂದು ನಾಲ್ಕು. ಮತ್ತೊಂದು. ಕೊನೆಗೆ ಮೇಜಿನ ಮೇಲೆ ಉಳಿದದ್ದು ನಾಲ್ಕು ಮೂಳೆ.

"ನಾಲ್ಕು!" ಕ್ರಾಡಕ್ ಗಹಗಹಿಸಿದ. "ಬಾರೋ ನರಿ, ಬಾಲ ಕೊಡು!"

ಪೆನ್‌ರೋಸ್ ಕೆಟ್ಟದಾಗಿ ಬೈದ. ಕ್ರಾಡಕ್‌ನ ಅಂಗೈ ಸವರಿಕೊಂಡು ಹೋದದ್ದನ್ನು ನಾನು ನೋಡಿದ್ದೆ. ಮಾಕ್ ಸಾಮ್ ಕೂಡ ನೋಡಿದ್ದ, ನನಗೆ ಗೊತ್ತು. ಆದರೆ ಸೋತ ಜೂಜುಕೋರ ಮೋಸ ಮೋಸ ಅಂದರೆ ಯಾರು ನಂಬುತ್ತಾರೆ? ಅದೂ ಚೀನೀ ಜೂಜುಕೋರ? ಇಬ್ಬರು ಆಳುಗಳು ಅವನ ತೋಳು ತಿರುಚಿ ಮಂಡಿಯೂರಿಸಿದರು. ಕ್ರಾಡಕ್ ಬಲಗೈಯಲ್ಲಿ ಚಾಕು ಹಿಡಿದು ಬಂದ. ಎಡಗೈ ಮುಷ್ಟಿ ಮುಚ್ಚಿಯೇ ಇತ್ತು. ಜಡೆ ಹಿಡಿಯುವುದಕ್ಕೂ ಆ ಮುಷ್ಟಿ ಬಿಚ್ಚಲಿಲ್ಲ.

ನಾನು ಸುಮ್ಮನಿರಬಹುದಿತ್ತು. ಬಾಗಿಲು ತೆರೆದೇ ಇತ್ತು. ಕಾಲು ಆಗಲೇ ಅತ್ತ ತಿರುಗಿತ್ತು.

"ಒಂದು ಕಮ್ಮಿ ಇದೆ," ಅಂದೆ.

ಯಾರಿಗೂ ಕೇಳಿಸಲಿಲ್ಲ. ನನಗೇ ಸರಿಯಾಗಿ ಕೇಳಿಸಲಿಲ್ಲ.

"ಒಂದು ಮೂಳೆ ಕಮ್ಮಿ ಇದೆ!" ಚೀರಿದೆ. "ಅವನ ಎಡಗೈಯಲ್ಲಿದೆ!"

ಕ್ರಾಡಕ್ ತಿರುಗಿದ. "ಏನಂದೆ?"

ಮೇಜಿಗೆ ಹೋದೆ. ಒಳಗಿನವು, ಹೊರಗಿನವು ಎಲ್ಲ ಮೂಳೆಯನ್ನೂ ಒಟ್ಟುಮಾಡಿದೆ. ಅಣ್ಣನ ಕೈ ಜೋಡಿಸತೊಡಗಿದೆ. ಮಣಿಕಟ್ಟಿನ ಚೂರುಗಳು, ಅಂಗೈಯ ಕಡ್ಡಿಗಳು, ಹೆಬ್ಬೆರಳು, ತೋರುಬೆರಳು. ಒಂದೂ ತಪ್ಪಲಿಲ್ಲ. ತೊಳೆಯುವಾಗ, ಒಣಗಿಸುವಾಗ, ಕಟ್ಟುವಾಗ ಎಷ್ಟು ಸಲ ಜೋಡಿಸಿದ್ದೇನೋ. ನಗು ನಿಂತಿತು. ಮೇಜಿನ ಮೇಲೆ ಎರಡು ಕೈ ಮೂಡಿದ್ದವು. ಗುಂಡಿಯಲ್ಲ, ಜೂಜಿನ ಕಾಯಲ್ಲ, ಮನುಷ್ಯನ ಕೈ. ಪೆನ್‌ರೋಸ್ ತನ್ನ ದೊಡ್ಡ ಕೈಯನ್ನು ಅದರ ಪಕ್ಕದಲ್ಲಿ ಚಾಚಿಟ್ಟು ನೋಡಿದ.

ಬಲಗೈಯ ಕಿರುಬೆರಳಿಗೆ ತುದಿ ಇರಲಿಲ್ಲ.

"ಸಾಯೋವಾಗಲೇ ಇರ್ಲಿಲ್ಲ ಅದು," ಅಂದ ಕ್ರಾಡಕ್. "ಇವನ ಮಾತು ಕೇಳ್ತೀರೇನ್ರೋ? ಬಿಳಿಯನ ಮೇಲೆ ಚೀನಿಯವನ ಸಾಕ್ಷಿ ನಡೆಯಲ್ಲ. ಕಾನೂನು!"

"ಇದು ಕೋರ್ಟಲ್ಲ," ಅಂದ ಪೆನ್‌ರೋಸ್. "ಅಲ್ಲಿರೋದು ನನ್ನ ಚಿನ್ನ. ಮುಷ್ಟಿ ಬಿಚ್ಚು."

"ಪೆನ್‌ರೋಸ್..."

"ಬಿಚ್ಚೋ!"

ಇನ್ನೂ ನಾಲ್ಕಾರು ಜನ ಹತ್ತಿರ ಬಂದರು. ಮಂಡಿಯೂರಿದ್ದ ಮಾಕ್ ಸಾಮ್ ಕೆಳಗಿನಿಂದಲೇ ಮಾತಾಡಿದ, ಈ ಸಲ ಹಲ್ಲು ಕಿರಿಯದೆ. "ಅದು ಸೇರಿದ್ರೆ ಉಳಿಯೋದು ಒಂದು, ದೊರೆ. ನನ್ನ ಜಡೆ ಮೇಲೆ ಕೈ ಹಾಕೋ ಮುಂಚೆ ಯೋಚನೆ ಮಾಡಿ. ನೀವು ಕೊಡಬೇಕಾದ್ದು ನನಗಲ್ಲ. ಇವರಿಗೆ."

ಕ್ರಾಡಕ್ ಸುತ್ತ ನೋಡಿದ. ಅವನ ಆಳುಗಳೇ ಮಾಕ್ ಸಾಮ್‌ನ ತೋಳು ಬಿಟ್ಟು ಹಿಂದೆ ಸರಿದರು. ಅವರದ್ದೂ ಒಂದೊಂದು ಚೀಲ 'ಒಂದ'ರ ಮೇಲಿತ್ತು. ಕ್ರಾಡಕ್‌ನ ಮುಖ ಊದಿಕೊಂಡಿತು. ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಅಣ್ಣನ ಕಿರುಬೆರಳ ತುದಿ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು.

"ತಗೊಳ್ರೋ!" ಅಂದವನೇ ಅದನ್ನು ಮೇಜಿನ ಪಕ್ಕದ ಪೀಕದಾನಿಗೆ ಎಸೆದ.

ಅಂಗಡಿಯಲ್ಲಿ ಗದ್ದಲವೋ ಗದ್ದಲ. ಒಬ್ಬರಿಗಿಂತ ಒಬ್ಬರು ಮುಂದೆ ನುಗ್ಗಿ ನನ್ನದು ಕೊಡು, ನನ್ನದು ಕೊಡು ಎಂದು ಕ್ರಾಡಕ್‌ಗೆ ಮುತ್ತಿಕೊಂಡರು. ನಮ್ಮನ್ನು ಯಾರೂ ನೋಡಲಿಲ್ಲ. ಅವರ ನ್ಯಾಯ ಅವರಿಗೆ ಸಿಕ್ಕಿತ್ತು. ಮಾಕ್ ಸಾಮ್ ಸರಸರನೆ ಎಲ್ಲವನ್ನೂ ಬಟ್ಟೆಗೆ ತುಂಬಿ, ತಲೆಬುರುಡೆಯ ಬಾಯಿಂದ ಚುರುಟು ಕಿತ್ತು, ಪೆಟ್ಟಿಗೆ ಮುಚ್ಚಿ ನನ್ನ ಕಿವಿಯಲ್ಲಿ ಹೇಳಿದ: "ನಡಿ ನಡಿ. ಇವರ ಲೆಕ್ಕ ಮುಗಿಯೋದ್ರೊಳಗೆ ಹೊರಟುಬಿಡೋಣ. ಒಂದು ತುದಿ ತಾನೇ, ಹೋಗ್ಲಿ ಬಿಡು."

"ಇಲ್ಲ ಚಿಕ್ಕಪ್ಪ."

"ಸಾಯ್ತೀಯ ಕಣೋ!"

"ಸಾಯ್ತೀನಿ."

ಪೀಕದಾನಿಯ ಮುಂದೆ ಕೂತೆ. ಹೊಗೆಸೊಪ್ಪಿನ ಕಂದು ನೀರು, ಕಫ, ಉಗುಳು, ಚುರುಟಿನ ತುಂಡು. ಇಡೀ ಊರು ಅದರಲ್ಲಿ ಉಗುಳಿತ್ತು. ಮೊಣಕೈವರೆಗೆ ಕೈ ಇಳಿಸಿದೆ. ಬೆರಳ ಸೀಳುಗಳೆಲ್ಲ ಉರಿದವು. ತಡಕಿದೆ. ಒಬ್ಬ ವಾಕರಿಸಿಕೊಂಡು ಮುಖ ತಿರುಗಿಸಿದ. ಅವನ ಉಗುಳೂ ಅದರಲ್ಲಿ ಇದ್ದಿರಬೇಕು. ಕೊನೆಗೆ ತಳದಲ್ಲಿ ಚಿಕ್ಕದೊಂದು ಗಟ್ಟಿ ಸಿಕ್ಕಿತು. ತೆಗೆದು ಬಾಯಲ್ಲಿ ಇಟ್ಟುಕೊಂಡೆ, ಮತ್ತೆ ಯಾರೂ ಕಿತ್ತುಕೊಳ್ಳಬಾರದೆಂದು. ಹೌದು, ಬಾಯಲ್ಲಿ.

ಎದ್ದು ನಿಂತಾಗ ಕ್ರಾಡಕ್ ಎದುರಿಗೇ ಇದ್ದ. ಎರಡೂ ಕೈಯಲ್ಲಿ ಚಿನ್ನದ ಚೀಲ, ಪೆನ್‌ರೋಸ್ ಅವನ ಭುಜ ಹಿಡಿದಿದ್ದ. ಕ್ರಾಡಕ್ ಭಾನುವಾರದ ಬಿಳಿ ಅಂಗಿ ತೊಟ್ಟಿದ್ದ, ಎದೆಯ ಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಮಾಡಿದವನು ನಾನೇ. ನನ್ನ ಕೈಯಿಂದ ಲೋಳೆ ತೊಟ್ಟಿಕ್ಕುತ್ತಿತ್ತು. ಅದನ್ನು ಅವನ ಎದೆಯ ಮೇಲೆ ಒರೆಸಿದೆ. ಅಂಗೈ ಒರೆಸಿದೆ, ಕೈಯ ಹಿಂಭಾಗ ಒರೆಸಿದೆ, ಬೆರಳ ಸಂದಿಯನ್ನೂ ಒರೆಸಿದೆ.

ಮೂಳೆಯನ್ನು ನಾಲಿಗೆಯಿಂದ ದವಡೆಗೆ ಸರಿಸಿ ಹೇಳಿದೆ: "ಇದನ್ನ ನೀನೇ ಒಗ್ಕೋ."

ಅವನು ಪಿಸ್ತೂಲಿಗೆ ಕೈ ಹಾಕಬೇಕೆಂದರೆ ಚೀಲ ಬಿಡಬೇಕಿತ್ತು. "ಮೊದಲು ನಮ್ಮದು ಕೊಡು, ಆಮೇಲೆ ಏನಾದ್ರೂ ಮಾಡ್ಕೋ," ಎಂದು ಪೆನ್‌ರೋಸ್ ಅವನನ್ನು ಜಗ್ಗಿದ.

ಮಾಕ್ ಸಾಮ್ ಪೆಟ್ಟಿಗೆಯ ಒಂದು ತುದಿ ಹಿಡಿದ, ನಾನು ಇನ್ನೊಂದು. ಯಾವ ಗಾಡಿಯೂ ನಮ್ಮನ್ನು ಕೂರಿಸಿಕೊಳ್ಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬಂದರಿನವರೆಗೂ ಬೆಟ್ಟ ಇಳಿದು ಹೊರಬೇಕು. ಗುಂಡು ಈಗ ಬಂತು, ಈಗ ಬಂತು ಎಂದು ನನ್ನ ಬೆನ್ನು ಇಷ್ಟಗಲ ಮರಗಟ್ಟಿತ್ತು. ಓಡೋಣವೆಂದು ಕಾಲು ಎಳೆಯುತ್ತಿತ್ತು. ಓಡಲಿಲ್ಲ. ಓಡಿದರೆ ಪೆಟ್ಟಿಗೆಯೊಳಗೆ ಅಣ್ಣ ಅಲ್ಲಾಡುತ್ತಾನೆ.